ತಂಡ ಹೆಚ್ಚಿದರೆ ಆಟ ಸಪ್ಪೆಯಾಗುವುದೇ?

ಉಪ್ಪುನೀರಿಗೆ ಮತ್ತಷ್ಟು ನೀರು ಬೆರೆಸಿದರೆ ಅದು ಸಪ್ಪೆಯಾಗುತ್ತದೆ. ಪಂದ್ಯಾವಳಿಗೆ ಹೊಸ ತಂಡಗಳನ್ನು ಸೇರಿಸುತ್ತ ಹೋದರೆ ಆಟಕ್ಕೂ ಇದೇ ಗತಿಯೇ? 2018-19ರಲ್ಲಿ ರಣಜಿ ಟ್ರೋಫಿಗೆ ಒಮ್ಮೆಲೇ ಒಂಬತ್ತು ತಂಡಗಳು ಬಂದು, ಒಟ್ಟು ಸಂಖ್ಯೆ 28ರಿಂದ 37ಕ್ಕೆ ಏರಿದಾಗ ಕ್ರಿಕೆಟ್ ಪ್ರಿಯರು ಕೇಳಿದ ಪ್ರಶ್ನೆ ಇದು. ಬಿಹಾರ, ಉತ್ತರಾಖಂಡ, ಪುದುಚೇರಿಗಳೊಂದಿಗೆ ಈಶಾನ್ಯದ ಆರು ರಾಜ್ಯಗಳು ಆ ವರ್ಷ ಕಣಕ್ಕಿಳಿದವು.

ಅನುಮಾನಕ್ಕೆ ಆಧಾರಗಳಿದ್ದವು. 1974-75ರಲ್ಲಿ ಬಿಷನ್ ಸಿಂಗ್ ಬೇಡಿ ಒಂದೇ ಋತುವಿನಲ್ಲಿ ಪಡೆದಿದ್ದ 64 ವಿಕೆಟ್‌ಗಳ ದಾಖಲೆಯನ್ನು ಬಿಹಾರದ ಅಶುತೋಷ್ ಅಮನ್ ಮೊದಲ ವರ್ಷದಲ್ಲೇ 68 ವಿಕೆಟ್ ಪಡೆದು ಮುರಿದರು. 2022ರಲ್ಲಿ ಬೆಂಗಳೂರಿನ ಬಳಿಯ ಆಲೂರಿನಲ್ಲಿ ಮುಂಬೈ ತಂಡ ಉತ್ತರಾಖಂಡವನ್ನು 725 ರನ್‌ಗಳಿಂದ ಸೋಲಿಸಿತು. 2024ರಲ್ಲಿ ಅರುಣಾಚಲ ಪ್ರದೇಶದ ವಿರುದ್ಧ ಗೋವಾದ ಇಬ್ಬರು ಬ್ಯಾಟ್ಸ್‌ಮನ್‌ಗಳು ತ್ರಿಶತಕ ಬಾರಿಸಿ, ಮುರಿಯದ ಜೊತೆಯಾಟದಲ್ಲಿ 606 ರನ್ ಕೂಡಿಸಿದರು. ಇಂಥ ಅಂಕಿಗಳನ್ನು ಹಳೆಯ ದಾಖಲೆಗಳ ಪಕ್ಕದಲ್ಲಿಟ್ಟು ನೋಡುವಾಗ, ಎದುರಾಳಿ ಯಾರೆಂಬುದನ್ನೂ ಕೇಳಬೇಕಾಗುತ್ತದೆ.

ಈ ಚರ್ಚೆ ಹೊಸದಲ್ಲ. ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನಲ್ಲಿ 1960ರವರೆಗೆ 16 ಪ್ರಮುಖ ತಂಡಗಳಿದ್ದವು. 1998ರ ಹೊತ್ತಿಗೆ ಅವು 30 ಆದವು. ವಿಸ್ತರಣೆ ಆರಂಭವಾದ 1961ರಲ್ಲೇ ರೋಜರ್ ಮಾರಿಸ್ 61 ಹೋಮ್ ರನ್ ಹೊಡೆದು ಬೇಬ್ ರುತ್ ಅವರ 60ರ ದಾಖಲೆಯನ್ನು ಹಿಂದಿಕ್ಕಿದಾಗ, ಎಸೆತಗಾರರ ಮಟ್ಟ ಕುಸಿದಿದೆ ಎಂಬ ಮಾತು ಕೇಳಿಬಂತು. ಆದರೆ 1947ರಲ್ಲಿ ಜಾಕಿ ರಾಬಿನ್‌ಸನ್ ಕಣಕ್ಕಿಳಿದ ಮೇಲೆ ಕಪ್ಪು ವರ್ಣೀಯರಿಗೆ ಬಾಗಿಲು ತೆರೆದಿತ್ತು. ಅನಂತರ ಲ್ಯಾಟಿನ್ ಅಮೆರಿಕ, ಜಪಾನ್‌ಗಳಿಂದಲೂ ಆಟಗಾರರು ಬಂದರು. ಎಂದರೆ, ನೀರಿನ ಜೊತೆಗೆ ಪಾತ್ರೆಗೆ ಉಪ್ಪೂ ಬೀಳುತ್ತಿತ್ತು.

ನಮ್ಮಲ್ಲಿನ ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಿ ನೋಡಬಹುದು. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 6.11 ಕೋಟಿ, ಸಿಕ್ಕಿಂನದು 6.11 ಲಕ್ಷ. ಸರಿಯಾಗಿ ನೂರು ಪಟ್ಟು ವ್ಯತ್ಯಾಸ! ಆದರೆ ಎರಡೂ ರಾಜ್ಯಗಳಿಗೆ ಇರುವುದು ಒಂದೊಂದೇ ರಣಜಿ ತಂಡ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಹುಡುಗನೊಬ್ಬ ರಾಜ್ಯದ ಹನ್ನೊಂದರಲ್ಲಿ ಒಬ್ಬನಾಗಲು ಗ್ಯಾಂಗ್‌ಟಕ್‌ನ ಹುಡುಗನಿಗಿಂತ ಎಷ್ಟು ಹೆಚ್ಚು ಜನರೊಡನೆ ಸ್ಪರ್ಧಿಸಬೇಕು! ಎಂಟು ಬಾರಿ ರಣಜಿ ಗೆದ್ದಿರುವ ಕರ್ನಾಟಕದಲ್ಲಿ ಸ್ಥಾನ ಸಿಗದವರೆಲ್ಲ ಪ್ರತಿಭೆಯಿಲ್ಲದವರಲ್ಲ.

ಸಾಂದ್ರತೆ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಕಣಗಳು ಹರಡುತ್ತವೆಂದು ವಿಜ್ಞಾನ ಹೇಳುತ್ತದೆ. ಇಲ್ಲೂ ಹಾಗೆಯೇ ಆಯಿತು. ಕರ್ನಾಟಕಕ್ಕೆ 2013-14 ಮತ್ತು 2014-15ರಲ್ಲಿ ಸತತ ಎರಡು ಪ್ರಶಸ್ತಿ ತಂದ ನಾಯಕ, ದಾವಣಗೆರೆಯ ವಿನಯ್ ಕುಮಾರ್ 2019-20ರಲ್ಲಿ ಪುದುಚೇರಿಗೆ ಆಡಿದರು. ಸ್ಟುವರ್ಟ್ ಬಿನ್ನಿ ನಾಗಾಲ್ಯಾಂಡ್ ಸೇರಿದರು. ಇವರ ಪಕ್ಕದಲ್ಲಿ ನಿಂತು ಆಡಿದ ಅಲ್ಲಿನ ಹುಡುಗರಿಗೆ ದೊರೆತ ಪಾಠ ಅಂಕಪಟ್ಟಿಯಲ್ಲಿ ಕಾಣುವಂಥದ್ದಲ್ಲ.

ಬಿಹಾರದ ಉದಾಹರಣೆ ಇನ್ನೂ ಮುಖ್ಯ. ಜಾರ್ಖಂಡ್ ಬೇರೆಯಾದ ಬಳಿಕ ಆ ರಾಜ್ಯಕ್ಕೆ ಹಲವು ವರ್ಷ ರಣಜಿ ತಂಡವೇ ಇರಲಿಲ್ಲ. ತಂಡ ಮರಳಿ ಬಂದ ಆರನೆಯ ವರ್ಷದೊಳಗೇ, 2024ರ ಜನವರಿಯಲ್ಲಿ, ವೈಭವ್ ಸೂರ್ಯವಂಶಿ ಎಂಬ ಬಾಲಕ ಬಿಹಾರದ ಪರ ರಣಜಿ ಆಡಿದ. 2025ರ ಏಪ್ರಿಲ್‌ನಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಐಪಿಎಲ್‌ನಲ್ಲಿ 35 ಎಸೆತಗಳಲ್ಲಿ ಶತಕ ಹೊಡೆದ. ಇಂಥ ಎಷ್ಟು ಹುಡುಗರ ವಯಸ್ಸು ಆ ಖಾಲಿ ವರ್ಷಗಳಲ್ಲಿ ಮೀರಿಹೋಯಿತೋ!

ಆದ್ದರಿಂದ, ತಂಡ ಹೆಚ್ಚಿದಾಗ ಆಟ ಕೆಲಕಾಲ ತೆಳುವಾಗುವುದು ನಿಜ. ಬಲಿಷ್ಠರನ್ನೂ ಹೊಸಬರನ್ನೂ ಬೇರೆ ಬೇರೆ ಗುಂಪಿನಲ್ಲಿ ಆಡಿಸಿ, ಗೆದ್ದವರಿಗೆ ಬಡ್ತಿ ಕೊಡುವ ಕ್ರಮ ಅದಕ್ಕೊಂದು ಪರಿಹಾರ. ಆದರೆ ಪ್ರತಿಭೆ ಅಳೆದಿಟ್ಟ ಉಪ್ಪಲ್ಲ. ಮೈದಾನ, ತರಬೇತಿ, ಅವಕಾಶ ದೊರೆತಲ್ಲಿ ಅದು ಹೊಸದಾಗಿ ಹುಟ್ಟುತ್ತದೆ. ಹಳ್ಳಿಯ ಮಕ್ಕಳ ಪೋಷಕರು ಕೇಳಬೇಕಾದ ಪ್ರಶ್ನೆ ತಂಡಗಳು ಹೆಚ್ಚಾದವೇ ಎಂಬುದಲ್ಲ. ಊರಿನ ಮಗು ಅಲ್ಲಿಗೆ ತಲುಪಲು ಇರುವ ಮೆಟ್ಟಿಲುಗಳು ಹೆಚ್ಚಾದವೇ ಎಂಬುದು.