ಮಡಿಯಿಂದ ಪಾತಿಗೆ

ಬರೆಯುವ ಕಾಯಕವನ್ನು ‘ಸಾಹಿತ್ಯ ಕೃಷಿ’ ಎಂದು ಕರೆಯುವುದು ಕನ್ನಡಿಗರ ವಾಡಿಕೆ. ಈ ಮಾತು ಬರಿಯ ಅಲಂಕಾರವಲ್ಲವೆಂಬುದನ್ನು ಅರಿಯಬೇಕಾದರೆ ಹಾವೇರಿಯ ಸೀಮೆಯಲ್ಲಿ ಮೆಣಸಿನ ಗಿಡ ಬೆಳೆಸುವ ಹಿತ್ತಲೊಂದನ್ನು ನೋಡಬೇಕು.

ಅಲ್ಲಿ ಬೀಜವನ್ನು ಮೊದಲು ಪುಟ್ಟ ಮಡಿಯಲ್ಲಿ ಚೆಲ್ಲುತ್ತಾರೆ. ಐದಾರು ವಾರಗಳ ತರುವಾಯ, ಬಿಸಿಲಿಳಿದ ಹೊತ್ತಿನಲ್ಲಿ, ಎಳೆಯ ಸಸಿಯನ್ನು ಬೇರು ಹರಿಯದಂತೆ ಕಿತ್ತು ಪಾತಿಯಲ್ಲಿ ನೆಟ್ಟು ನೀರುಣಿಸುತ್ತಾರೆ. ಮೊದಲ ಎರಡು ಮೂರು ದಿನ ಸಸಿ ಬಾಡಿ ತಲೆಬಾಗಿಸುವುದು. ಹೊಸ ಮಣ್ಣಿನಲ್ಲಿ ಬೇರೂರಿದೊಡನೆ ಚಿಗುರುವುದು. ಮೆಣಸಿನಕಾಯಿಯೂ ಈ ನಾಡಿಗೆ ಹೊರಗಿನದೇ. ಅಮೆರಿಕಾ ಖಂಡದ ಆ ಬೆಳೆಯನ್ನು ಇತ್ತ ತಂದವರು ಪೋರ್ತುಗೀಜರು. ಇಂದು ಅದು ಬ್ಯಾಡಗಿಯ ಹೆಸರನ್ನೇ ಹೊತ್ತಿದೆ. ಕಡುಗೆಂಪು ಬಣ್ಣಕ್ಕೂ ಸುಕ್ಕುಗಟ್ಟಿದ ಸಿಪ್ಪೆಗೂ ಹೆಸರಾಗಿ, 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯನ್ನೂ ಗಳಿಸಿದೆ.

ಇದೇ ಕೆಲಸವನ್ನು ಕಾಗದದ ಮೇಲೆ ಮಾಡಿದವರು ಇದೇ ಸೀಮೆಯ ಗಳಗನಾಥರು. ವರದಾ ತುಂಗಭದ್ರೆಯರ ಸಂಗಮದ ಗಳಗನಾಥ ಗ್ರಾಮದಲ್ಲಿ 1869ರಲ್ಲಿ ಜನಿಸಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಊರಿನ ಹೆಸರಿನಿಂದಲೇ ಪ್ರಸಿದ್ಧರಾದರು. ಆಗ ಈ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು; ಓದು ಬಲ್ಲವರ ಮನೆಗಳಲ್ಲಿ ಮರಾಠಿಯದೇ ಮೇಲುಗೈ. ಗಳಗನಾಥರು ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡದ ಮಣ್ಣಿಗೆ ತಂದು ನೆಟ್ಟರು. ‘ವಜ್ರಾಘಾತ’ವು ‘ಕನ್ನಡಿಗರ ಕರ್ಮಕಥೆ’ಯಾಯಿತು. ಅಗಡಿಯ ಆನಂದವನದಿಂದ 1907ರಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ಅವರ ಬರವಣಿಗೆಗೆ ಪಾತಿಯಾಯಿತು.

ಆದರೆ ನೆಟ್ಟವನಿಗೆ ನೀರೆರೆಯುವ ಹೊಣೆಯೂ ಉಂಟು. ಓದುಗರಿಲ್ಲದೆ ಕನ್ನಡ ಕಾದಂಬರಿ ಬಾಡಿಹೋಗುವ ಭಯವಿತ್ತು. ಗಳಗನಾಥರು ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಓದುವ ಹವ್ಯಾಸವನ್ನೇ ಬೆಳೆಸಿದರು. ಅದೇ ಮಣ್ಣಿನಲ್ಲಿ ಅವರ ಸ್ವಂತ ಬೀಜವೂ ಮೊಳೆಯಿತು. ವಿಜಯನಗರದ ಸ್ಥಾಪನೆಯನ್ನು ಚಿತ್ರಿಸುವ ‘ಮಾಧವ ಕರುಣಾ ವಿಲಾಸ’ ಅದರ ಫಲ. 1942ರಲ್ಲಿ ಅವರು ಕಾಲವಾಗುವ ವೇಳೆಗೆ ‘ಕಾದಂಬರಿ ಪಿತಾಮಹ’ರೆಂಬ ಗೌರವಕ್ಕೆ ಪಾತ್ರವಾಗುವಷ್ಟು ದುಡಿದಿದ್ದರು.

ಇಂದು ಮನೆಯಲ್ಲಿ ಕುಳಿತು ಕಥೆ ಬರೆಯುವ ತರುಣ ತರುಣಿಯರಿಗೂ ಹಿತ್ತಲಿನ ಪಾಠ ಇದೇ ಆಗಿದೆ. ಸಸಿ ಬೇರೆಯವರ ಮಡಿಯಿಂದ ಬಂದರೂ ಅಡ್ಡಿಯಿಲ್ಲ; ಮಣ್ಣು ಮಾತ್ರ ತಮ್ಮದಾಗಿರಬೇಕು. ಮೊದಲ ದಿನಗಳ ಬಾಡುವಿಕೆಗೆ ಅಂಜಿ, ಬೇರು ಹಿಡಿಯಿತೇ ಎಂದು ನಿತ್ಯ ಕಿತ್ತು ನೋಡುವವನ ಕೈಯಲ್ಲಿ ಗಿಡವೂ ಬದುಕದು, ಕಥೆಯೂ ಬದುಕದು.