‘ಅಮ್ಮ’ ಬಂದ ಮನೆ, ಗರ್ಭಿಣಿಯ ಭಯ ಮತ್ತು ಸರ್ಕಾರದ ಪಟ್ಟಿಯಲ್ಲಿಲ್ಲದ ಲಸಿಕೆ

‘ಚಿಕ್ಕವರಿದ್ದಾಗ ನಿಮಗೆ ಅಮ್ಮ ಆಗಿತ್ತಾ?’ ಚಿಕನ್‌ಪಾಕ್ಸ್ ಬಂದ ಮಗುವಿನ ಜೊತೆಗಿದ್ದು ಬಂದ ಗರ್ಭಿಣಿಗೆ ಡಾಕ್ಟರ್ ಕೇಳುವ ಮೊದಲ ಪ್ರಶ್ನೆ ಇದು. ನನ್ನ ಗೆಳತಿಯೊಬ್ಬಳಿಗೂ ಇದೇ ಪ್ರಶ್ನೆ ಎದುರಾಯ್ತು. ಅವಳಿಗೆ ಆಗ 14 ವಾರ. ಭಾನುವಾರ ಅಕ್ಕನ ಮಗನನ್ನು ತೊಡೆ ಮೇಲೆ ಕೂರಿಸಿಕೊಂಡು ಊಟ ಮಾಡಿಸಿದ್ದಳು. ಸೋಮವಾರ ಅವನ ಮೈತುಂಬ ನೀರುಗುಳ್ಳೆ. ಊರಿಗೆ ಫೋನ್ ಮಾಡಿದರೆ ಅವಳಮ್ಮ, ‘ನಿನಗಾಗಿತ್ತೋ ನಿಮ್ಮಣ್ಣನಿಗಾಗಿತ್ತೋ, ಸರಿಯಾಗಿ ನೆನಪಿಲ್ಲ ಕಣೇ’ ಅಂದರಂತೆ.

ಗುಳ್ಳೆ ಕಾಣಿಸುವ ಒಂದೆರಡು ದಿನ ಮೊದಲೇ ಈ ವೈರಸ್ ಹರಡೋಕೆ ಶುರುವಾಗುತ್ತೆ. ಒಂದೇ ಕೋಣೆಯಲ್ಲಿ ಕಾಲು ಗಂಟೆ ಇದ್ದರೂ ಸಂಪರ್ಕ ಅಂತಲೇ ಲೆಕ್ಕ. ಹಾಗಾಗಿ ‘ಹುಷಾರಾಗಿರಬೇಕಿತ್ತು’ ಎನ್ನುವ ಮನೆಯವರ ಬೈಗುಳಕ್ಕೆ ಅರ್ಥವಿಲ್ಲ.

ಭಯ ಎಷ್ಟು ಪಡಬೇಕು ಅನ್ನೋದಕ್ಕೆ ಅಂಕಿ ಇದೆ. 1994ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಬ್ರಿಟನ್-ಜರ್ಮನಿ ಅಧ್ಯಯನದ ಪ್ರಕಾರ, ತಾಯಿಗೆ 13 ವಾರದೊಳಗೆ ರೋಗ ಬಂದರೆ ಮಗುವಿಗೆ ಜನ್ಮಜಾತ ತೊಂದರೆಯಾಗುವ ಸಾಧ್ಯತೆ ಶೇ. 0.4, 13ರಿಂದ 20 ವಾರದ ನಡುವೆ ಶೇ. 2. ಚರ್ಮದ ಮೇಲೆ ಆಳದ ಕಲೆ, ಬೆಳೆಯದ ಕೈಕಾಲು, ಕಣ್ಣು-ಮೆದುಳಿನ ದೋಷ ಇವೆಲ್ಲ ಆ ತೊಂದರೆಗಳು. ಗಮನಿಸಿ, ಇದು ರೋಗ ಬಂದವರ ಲೆಕ್ಕ, ಬರೀ ಸಂಪರ್ಕಕ್ಕೆ ಬಂದವರದ್ದಲ್ಲ. ‘ಮಗು ತೆಗೆಸಿಬಿಡಿ’ ಅಂತ ಸಲಹೆ ಕೊಡುವ ನೆಂಟರಿಗೆ ಈ ವ್ಯತ್ಯಾಸ ಗೊತ್ತಿರಲ್ಲ. ನಿಜವಾಗಿ ಹೆಚ್ಚು ಹೆದರಬೇಕಾದ್ದು ತಾಯಿಗೆ ಬರಬಹುದಾದ ನ್ಯುಮೋನಿಯಾಗೆ. ಮತ್ತೆ ಹೆರಿಗೆಗೆ ಐದು ದಿನ ಮೊದಲಿನಿಂದ ಎರಡು ದಿನ ನಂತರದವರೆಗೆ ತಾಯಿಗೆ ಗುಳ್ಳೆ ಎದ್ದರೆ, ಆಗ ಹಸುಗೂಸಿನ ಜೀವಕ್ಕೇ ಅಪಾಯ.

ಸಂಪರ್ಕವಾದ ಮೇಲೆ ರೋಗ ಕಾಣಿಸಲು 10ರಿಂದ 21 ದಿನ ಬೇಕು. ಈ ಕಾಯುವಿಕೆಯೇ ಹಿಂಸೆ, ಆದರೆ ಅವಕಾಶವೂ ಅದೇ. ಮೊದಲು ಐಜಿಜಿ ರಕ್ತಪರೀಕ್ಷೆ. ಪ್ರತಿಕಾಯ ಇದ್ದರೆ ನಿಟ್ಟುಸಿರು ಬಿಡಬಹುದು. ಗೆಳತಿಗೆ ಇರಲಿಲ್ಲ, ಅಮ್ಮ ಆಗಿದ್ದು ಅಣ್ಣನಿಗೇ ಇರಬೇಕು. ಪ್ರತಿಕಾಯ ಇಲ್ಲದವರಿಗೆ ಸಂಪರ್ಕವಾದ 10 ದಿನದೊಳಗೆ ಇಮ್ಯುನೊಗ್ಲೋಬ್ಯುಲಿನ್ ಚುಚ್ಚುಮದ್ದು ಕೊಡಬಹುದು, ಬೇಗ ಕೊಟ್ಟಷ್ಟೂ ಒಳ್ಳೆಯದು. ಅದು ಎಲ್ಲ ಕಡೆ ಸಿಗಲ್ಲ, ಅಗ್ಗವೂ ಅಲ್ಲ. ಬ್ರಿಟನ್ 2022ರಿಂದ ಇದರ ಬದಲು ಸಂಪರ್ಕವಾದ 7ನೇ ದಿನದಿಂದ 14ನೇ ದಿನದವರೆಗೆ ಅಸೈಕ್ಲೋವಿರ್ ಮಾತ್ರೆಗೆ ಆದ್ಯತೆ ಕೊಟ್ಟಿದೆ. ಯಾವುದು ಅನ್ನೋದು ಡಾಕ್ಟರ್ ನಿರ್ಧಾರ. ಗುಳ್ಳೆ ಎದ್ದರೆ ಮಾತ್ರ ಅದೇ ದಿನ ಡಾಕ್ಟರಿಗೆ ಫೋನ್ ಮಾಡಬೇಕು. ನೇರ ಹೋಗಿ ಇತರ ಗರ್ಭಿಣಿಯರ ಜೊತೆ ಸಾಲಲ್ಲಿ ಕೂರಬಾರದು.

ನಮ್ಮ ‘ಅಮ್ಮ’ನ ಆಚಾರಕ್ಕೆ ಇಲ್ಲಿ ಎರಡು ಮುಖ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಯಾರೂ ಬರಬೇಡಿ ಅನ್ನೋದು ಅಪ್ಪಟ ಪ್ರತ್ಯೇಕವಾಸ. ಅದನ್ನು ಗೇಲಿ ಮಾಡುವವರ ಪೈಕಿ ನಾನಲ್ಲ. ಆದರೆ ‘ಅಮ್ಮನಿಗೆ ಔಷಧಿ ಕೊಡಬಾರದು’ ಎಂಬ ಮಾತು ಗರ್ಭಿಣಿಯ ವಿಷಯದಲ್ಲಿ ಪ್ರಾಣಕ್ಕೆ ಕುತ್ತು. ಗುಳ್ಳೆ ಎದ್ದ 24 ಗಂಟೆಯೊಳಗೆ ಮಾತ್ರೆ ಶುರುವಾದರೆ ಅದರ ಪ್ರಯೋಜನ ಹೆಚ್ಚು.

ಇಷ್ಟಕ್ಕೂ ಇದು ಒಬ್ಬೊಬ್ಬರ ಅದೃಷ್ಟದ ವಿಷಯ ಆಗಬೇಕಿಲ್ಲ. ಜಪಾನಿನ ಮಿಚಿಯಾಕಿ ತಕಹಾಶಿ ಲಸಿಕೆ ಕಂಡುಹಿಡಿದು 50 ವರ್ಷ ದಾಟಿದೆ. ಅಮೆರಿಕ 1995ರಿಂದ ಮಕ್ಕಳಿಗೆ ಕೊಡುತ್ತಿದೆ. ನಮ್ಮಲ್ಲಿ? ದಡಾರ-ರುಬೆಲ್ಲಾ ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಚಿಕನ್‌ಪಾಕ್ಸ್ ಲಸಿಕೆ ಕಾಸಿದ್ದವರಿಗೆ. ಗರ್ಭದ ಮಗುವಿಗೆ ರುಬೆಲ್ಲಾ ಎಷ್ಟೋ ಪಾಲು ಹೆಚ್ಚು ಅಪಾಯಕಾರಿ, ಹಾಗಾಗಿ ಅದಕ್ಕೆ ಮೊದಲ ಸ್ಥಾನ ಸಿಕ್ಕಿದ್ದು ನ್ಯಾಯವೇ. ಆದರೆ ಈಗಿನ ಅರೆಬರೆ ಸ್ಥಿತಿ ಬೇರೆಯದೇ ಸಮಸ್ಯೆ ತರುತ್ತೆ. ಸ್ವಲ್ಪ ಮಕ್ಕಳಿಗಷ್ಟೇ ಲಸಿಕೆ ಹಾಕಿದರೆ ವೈರಸ್ ನಿಲ್ಲಲ್ಲ, ನಿಧಾನವಾಗುತ್ತೆ ಅಷ್ಟೆ. ಲಸಿಕೆ ಸಿಗದವರಿಗೆ ಬಾಲ್ಯದಲ್ಲಿ ಬರಬೇಕಿದ್ದ ರೋಗ ಹೆರುವ ವಯಸ್ಸಿನಲ್ಲಿ ಬರುತ್ತೆ. ಕನಿಷ್ಠ ಶೇ. 80ರಷ್ಟು ಮಕ್ಕಳನ್ನು ತಲುಪುವ ಖಾತ್ರಿ ಇದ್ದರೆ ಮಾತ್ರ ಕಾರ್ಯಕ್ರಮ ಶುರುಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಇದಕ್ಕೇ. ಮಾರುಕಟ್ಟೆಗೆ ಇಂಥ ಯಾವ ಷರತ್ತೂ ಇಲ್ಲ. ಉಷ್ಣವಲಯದ ನಾಡುಗಳಲ್ಲಿ ದೊಡ್ಡವರಾದ ಮೇಲೂ ರೋಗ ಬಾರದೆ ಉಳಿದವರು ಮೊದಲೇ ಹೆಚ್ಚು.

ಇದು ಜೀವಂತ ವೈರಸ್ಸಿನ ಲಸಿಕೆ, ಬಸುರಿಯರಿಗೆ ಕೊಡುವಂತಿಲ್ಲ. ಮಗು ಬೇಕು ಅಂತಿರುವವರು ಮೊದಲೇ ರಕ್ತಪರೀಕ್ಷೆ ಮಾಡಿಸಿ, ಪ್ರತಿಕಾಯ ಇಲ್ಲದಿದ್ದರೆ ಎರಡು ಡೋಸ್ ಹಾಕಿಸಿಕೊಂಡು, ಕೊನೆಯ ಡೋಸ್ ಆದ ಮೇಲೆ ಒಂದು ತಿಂಗಳಾದರೂ ಕಾಯಬೇಕು. ಹೆರಿಗೆಯಾದ ಮೇಲೆ ಎದೆಹಾಲು ಕೊಡುತ್ತಲೇ ಹಾಕಿಸಿಕೊಳ್ಳಬಹುದು.

ಇದೆಲ್ಲ ಪರೀಕ್ಷೆಗೆ ದುಡ್ಡು, ಮನೆಯಲ್ಲಿರೋಕೆ ರಜೆ ಇದ್ದವರ ಮಾತಾಯ್ತು. ದಿನವಿಡೀ ಮಕ್ಕಳ ನಡುವೆಯೇ ಇರುವ ಗರ್ಭಿಣಿ ಅಂಗನವಾಡಿ ಕಾರ್ಯಕರ್ತೆ, ಕೇಂದ್ರದ ಒಂದು ಮಗುವಿಗೆ ಗುಳ್ಳೆ ಎದ್ದರೆ ಯಾವ ರಜೆ ಹಾಕಬೇಕು? ಅವಳಿಗಿನ್ನೂ ಜ್ವರ ಬಂದಿಲ್ಲ, ಹೆರಿಗೆ ರಜೆ ಶುರುವಾಗಿಲ್ಲ.