ಗಂಟಿದೆ, ಕೆಲಸವಿಲ್ಲ

ಡಿಸೆಂಬರ್ ಬಂತೆಂದರೆ ವಿಜಯನಗರದ ಮಾರ್ಕೆಟ್ಟಿನಲ್ಲಿ ಮಾಗಡಿ ಅವರೆಕಾಯಿಯದ್ದೇ ದರ್ಬಾರು. ಸೊಗಡು ಮೂಸಿ ಕೊಳ್ಳುವವರ ಕಣ್ಣೆಲ್ಲ ಕಾಯಿಯ ಮೇಲೆ, ಬೇರನ್ನು ವಿಚಾರಿಸುವವರಿಲ್ಲ. ತಾರಸಿಯ ಕುಂಡದಲ್ಲೋ ಮನೆ ಹಿಂದಿನ ಚೂರು ಜಾಗದಲ್ಲೋ ಅವರೆ ಹಾಕಿದವರು, ಹೂ ಬಿಡುವ ಹೊತ್ತಿಗೆ ಒಂದು ಗಿಡವನ್ನು ಮಣ್ಣುಸಮೇತ ಮೆಲ್ಲಗೆ ಎಬ್ಬಿಸಿ ನೋಡಬೇಕು. ಬೇರಿನುದ್ದಕ್ಕೂ ಸಣ್ಣ ಗಂಟುಗಳಿರುತ್ತವೆ. ಒಂದನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪಿದ್ದರೆ ಗಂಟು ದುಡಿಯುತ್ತಿದೆ; ಬೆಳ್ಳಗಿದ್ದರೆ ಅಥವಾ ಹಸಿರಾಗಿದ್ದರೆ ಇಲ್ಲ.

ಆ ಕೆಂಪಿಗೆ ಕಾರಣ ಲೆಗ್‌ಹಿಮೊಗ್ಲೋಬಿನ್, ನಮ್ಮ ರಕ್ತದ ಹಿಮೊಗ್ಲೋಬಿನ್ನಿನ ದಾಯಾದಿ. ಗಂಟಿನೊಳಗೆ ಬೀಡುಬಿಟ್ಟಿರುವ ರೈಜೋಬಿಯಂ ಬಳಗದ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಅಮೋನಿಯಾ ಮಾಡಿ ಗಿಡಕ್ಕೆ ಉಣಿಸುತ್ತವೆ. ಗೊಬ್ಬರದ ಕಾರ್ಖಾನೆ ಇದೇ ಕೆಲಸವನ್ನು ಸುಮಾರು 400 ಡಿಗ್ರಿ ಶಾಖದಲ್ಲಿ, ವಾತಾವರಣದ ನೂರು ಪಟ್ಟಿಗೂ ಮಿಕ್ಕಿದ ಒತ್ತಡದಲ್ಲಿ ಮಾಡುತ್ತದೆ. ಬ್ಯಾಕ್ಟೀರಿಯಾಕ್ಕೆ ಹೊಲದ ತಂಪೇ ಸಾಕು, ಅದರ ಬಳಿ ನೈಟ್ರೋಜಿನೇಸ್ ಎಂಬ ಕಿಣ್ವವಿದೆ. ಒಂದೇ ಇಕ್ಕಟ್ಟು: ಆಮ್ಲಜನಕ ತಗುಲಿದರೆ ಆ ಕಿಣ್ವ ಕೆಡುತ್ತದೆ, ಆಮ್ಲಜನಕವಿಲ್ಲದಿದ್ದರೆ ಬ್ಯಾಕ್ಟೀರಿಯಾಕ್ಕೆ ಉಸಿರಿಲ್ಲ. ಕೆಂಪು ವಸ್ತು ಆಮ್ಲಜನಕವನ್ನು ಹಿಡಿದಿಟ್ಟುಕೊಂಡು, ಬೇಕಾದಷ್ಟನ್ನೇ ಬಡಿಸಿ, ಇಬ್ಬರನ್ನೂ ಉಳಿಸುತ್ತದೆ.

ಇನ್ನು ನಮ್ಮ ಮೋರಿಯ ಕಡೆ ಬರೋಣ. ವಿಜಯನಗರ, ರಾಜಾಜಿನಗರ, ಬಸವೇಶ್ವರನಗರದ ರಾಜಕಾಲುವೆಗಳು ಇಳಿದು ಸೇರುವುದು ವೃಷಭಾವತಿಯನ್ನು. ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟಿದಳೆಂದು ಜನ ನಂಬುವ ಈ ನದಿ ಮೈಸೂರು ರಸ್ತೆಯ ಮಗ್ಗುಲಲ್ಲೇ ಹರಿದು, ಕೆಂಗೇರಿ ದಾಟಿ, ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಹೋಗುತ್ತದೆ. ಮುಂದೆ ಅರ್ಕಾವತಿ, ಕಾವೇರಿ. 1940ರ ದಶಕದಲ್ಲಿ ನೀರಾವರಿಗೆಂದು ಕಟ್ಟಿಸಿದ ಆ ಕೆರೆಯಲ್ಲಿ ಈಗ ನಿಲ್ಲುವುದು ನಮ್ಮ ಬಚ್ಚಲಿನ, ಪಾಯಿಖಾನೆಯ ನೀರು. ಅಷ್ಟೇ ಆಗಿದ್ದರೆ ಮಣ್ಣಿನ ಜೀವಿಗಳು ತಿಂದು ಅರಗಿಸಿಕೊಳ್ಳುತ್ತಿದ್ದವೇನೋ. ಜೊತೆಗೆ ಕಾರ್ಖಾನೆಗಳ ಕ್ರೋಮಿಯಂ, ನಿಕ್ಕಲ್, ಸತು, ತಾಮ್ರವೂ ಬರುತ್ತವೆ. ಕಾಮಾಕ್ಷಿಪಾಳ್ಯದಲ್ಲಿ, ಪೀಣ್ಯದಲ್ಲಿ ಲೋಹಕ್ಕೆ ಲೇಪ ಕೊಡುವ ಸಣ್ಣ ಶೆಡ್ಡುಗಳು ಎಷ್ಟಿವೆ ಎಂಬುದು ಈ ಭಾಗದಲ್ಲಿ ಓಡಾಡುವವರಿಗೆ ಗೊತ್ತು. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸಿಕ್ಕಿದ್ದಂತೂ ಹಳೆಯ ಸುದ್ದಿ.

ಲೇಪದ ತೊಟ್ಟಿಯ ಕ್ರೋಮಿಯಂ ನೀರಿನಲ್ಲಿ ಕ್ರೋಮೇಟ್ ರೂಪದಲ್ಲಿರುತ್ತದೆ. ಆಕಾರದಲ್ಲಿ ಅದು ಸಲ್ಫೇಟಿನ ತದ್ರೂಪಿ. ಗಂಧಕ ಬೇಕೆಂದು ಬ್ಯಾಕ್ಟೀರಿಯಾ ತನ್ನ ಕೋಶಪೊರೆಯಲ್ಲಿ ಸಲ್ಫೇಟಿಗೆಂದೇ ಬಾಗಿಲು ಇಟ್ಟುಕೊಂಡಿರುತ್ತದೆ; ವೇಷ ಮರೆಸಿದ ಕ್ರೋಮೇಟ್ ಅದೇ ಬಾಗಿಲಲ್ಲಿ ನುಗ್ಗಿ ಡಿಎನ್‌ಎಯನ್ನು ಹಾಳುಮಾಡುತ್ತದೆ. ಎಲ್ಲವೂ ಸಾಯುವುದಿಲ್ಲ. ಕೆಲವು ತಳಿಗಳಲ್ಲಿ ವಿಷವನ್ನು ಹೊರದಬ್ಬುವ ಪಂಪಿನಂಥ ಪ್ರೋಟೀನಿದೆ. ಕೆಲವು ಅದನ್ನು ಸುಲಭವಾಗಿ ಕರಗದ, ಅಷ್ಟು ವಿಷವಲ್ಲದ ಇನ್ನೊಂದು ರೂಪಕ್ಕೆ ಇಳಿಸುತ್ತವೆ. ಈ ವಿದ್ಯೆಯ ಜೀನುಗಳು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರಗಳಲ್ಲಿ ಕೂತು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲವು. ಆಂಟಿಬಯೋಟಿಕ್‌ಗೆ ಜಗ್ಗದಿರುವ ಜೀನೂ ಅದೇ ಉಂಗುರದಲ್ಲಿರುವುದುಂಟು. ಹಾಗಿದ್ದಲ್ಲಿ, ಲೋಹ ತುಂಬಿದ ಮಣ್ಣು ಮಾತ್ರೆಯ ಸುಳಿವೇ ಇಲ್ಲದೆ ಮಾತ್ರೆಗೆ ಮಣಿಯದವರನ್ನು ಸಾಕುತ್ತದೆ.

ಆದ್ದರಿಂದ ‘ಮಣ್ಣು ಸತ್ತಿದೆ’ ಎಂಬ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಕೆಟ್ಟ ಮಣ್ಣಿನಲ್ಲೂ ಜೀವಿಗಳು ಕೋಟಿಗಟ್ಟಲೆ. ಉಳಿದವರು ಯಾರು, ಅವರಿಗೆ ಬರುವ ಕೆಲಸವೇನು ಎಂದು ಕೇಳಬೇಕು.

ಇದಕ್ಕೆ ನಾನು ಬಲ್ಲ ಅತಿ ಸ್ಪಷ್ಟ ಸಾಕ್ಷಿ ಇಂಗ್ಲೆಂಡಿನ ವೋಬರ್ನ್‌ನದು. ಅಲ್ಲಿನ ಪ್ರಯೋಗದ ಜಮೀನಿನಲ್ಲಿ 1942ರಿಂದ 1961ರವರೆಗೆ ಕೆಲವು ತಾಕುಗಳಿಗೆ ಕೊಳಚೆ ಶುದ್ಧೀಕರಣದ ಗಸಿಯನ್ನೂ ಪಕ್ಕದವಕ್ಕೆ ಕೊಟ್ಟಿಗೆ ಗೊಬ್ಬರವನ್ನೂ ಹಾಕಿದ್ದರು. ಗಸಿಯಲ್ಲಿ ಲೋಹಗಳಿದ್ದವು. ಗಸಿ ನಿಲ್ಲಿಸಿ ಇಪ್ಪತ್ತಕ್ಕೂ ಹೆಚ್ಚು ವರ್ಷವಾದ ಮೇಲೆ, 1980ರ ದಶಕದಲ್ಲಿ, ವಿಜ್ಞಾನಿಗಳು ಆ ಮಣ್ಣಿನಲ್ಲಿ ಬೆಳೆದ ಬಿಳಿ ಕ್ಲೋವರನ್ನು ಪರೀಕ್ಷಿಸಿದರು. ಕ್ಲೋವರ್ ಕೂಡ ಅವರೆಯ ಕುಟುಂಬದ್ದೇ. ಬೇರಿನಲ್ಲಿ ಗಂಟುಗಳೇನೋ ಇದ್ದವು, ಸಣ್ಣವು, ಬಿಳಿಯವು. ಒಳಗೆ ರೈಜೋಬಿಯಂ ಕೂಡ ಇತ್ತು. ಆದರೆ ಹಲವು ತಳಿಗಳಿರಬೇಕಾದಲ್ಲಿ ಉಳಿದದ್ದು ಒಂದೇ ತರಹದ್ದು: ಗಂಟು ಕಟ್ಟಲು ಬಲ್ಲದು, ಸಾರಜನಕ ಹಿಡಿಯಲು ಬಾರದು. ಗಿಡ ಅದಕ್ಕೆ ಅನ್ನ ಹಾಕುತ್ತಲೇ ಇತ್ತು.

ಬೈರಮಂಗಲದ ಸುತ್ತ ಹೀಗೇ ಆಗಿದ್ದರೆ ಕಣ್ಣಿಗೆ ಕಾಣುವುದು ಕಷ್ಟ, ಯಾಕೆಂದರೆ ಕೊಳಚೆ ನೀರಿನಲ್ಲೇ ಸಾರಜನಕ ಧಾರಾಳ. ಅಲ್ಲಿನ ರೈತರು ಭತ್ತ ಬಿಟ್ಟು ಬೇಬಿ ಕಾರ್ನ್, ಮೇವಿನ ಹುಲ್ಲು, ಹಿಪ್ಪುನೇರಳೆಗೆ ಹೊರಳಿದ್ದಾರೆ. ಬೇರುಗಂಟಿನ ಹಂಗಿಲ್ಲದ, ಬಂದ ಸಾರಜನಕವನ್ನೆಲ್ಲ ಹೀರುವ ಬೆಳೆಗಳಿವು. ಹೊಲ ಹಸಿರಾಗಿಯೇ ಇರುತ್ತದೆ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯೂ ನೆರವಿಗೆ ಬರುವುದಿಲ್ಲ. ಅದರಲ್ಲಿರುವುದು 12 ಅಂಶಗಳು: ಸಾರಜನಕ, ರಂಜಕ, ಪೊಟ್ಯಾಷ್, ಸಾವಯವ ಇಂಗಾಲ, ರಸಸಾರ ಇತ್ಯಾದಿ. ಕ್ರೋಮಿಯಂ, ಸೀಸ, ಕ್ಯಾಡ್ಮಿಯಂ ಅದರಲ್ಲಿಲ್ಲ. ಸೂಕ್ಷ್ಮಜೀವಿಗಳ ಕಾಲಂ ಕೂಡ ಇಲ್ಲ. ಮೇಲಿನ ಉಗುರಿನ ಪರೀಕ್ಷೆ ಚೀಟಿಗಿಂತ ಹೆಚ್ಚು ಹೇಳುತ್ತದೆ, ಅದಕ್ಕೆ ದುಡ್ಡೂ ಬೇಡ.

ಬೆಲ್ಲದ ನೀರಿನಲ್ಲಿ ರೈಜೋಬಿಯಂ ಕಲಸಿ ಬೀಜೋಪಚಾರ ಮಾಡಿದರಾಗದೇ? ಒಳ್ಳೆಯ ಮಣ್ಣಿನಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ಲೋಹ ಕೂತ ಮಣ್ಣಿನಲ್ಲಿ, ಹೊಸಬರನ್ನು ಕರೆತಂದರೂ ಹಳಬರನ್ನು ಓಡಿಸಿದ ವಿಷ ಅಲ್ಲೇ ಇರುತ್ತದೆ. ನಾಯಂಡಹಳ್ಳಿ ಬಳಿಯ ಶುದ್ಧೀಕರಣ ಘಟಕದಿಂದಲೂ ಇದು ಬಗೆಹರಿಯದು. ಅಲ್ಲಿ ದುಡಿಯುವುದೂ ಬ್ಯಾಕ್ಟೀರಿಯಾಗಳೇ. ಕೊಳಕನ್ನು ಅವು ತಿನ್ನಬಲ್ಲವು, ಲೋಹವನ್ನು ತಿಂದು ಮುಗಿಸಲಾರವು. ಅದು ಒಂದಿಷ್ಟು ನೀರಿನಲ್ಲಿ ಮುಂದೆ ಹೋಗುತ್ತದೆ, ಉಳಿದದ್ದು ಗಸಿಗೆ ಇಳಿಯುತ್ತದೆ.

ಕ್ರೋಮಿಯಂ ಹಿಡಿಯಲು ಅಗ್ಗದ ಜಾಗ ಲೇಪದ ತೊಟ್ಟಿಯ ಪಕ್ಕವೇ. ತೊಳೆದ ನೀರಿಗೆ ಒಂದಿಷ್ಟು ಆಮ್ಲ ಸೇರಿಸಿ ಸೋಡಿಯಂ ಬೈಸಲ್ಫೈಟ್ ಹಾಕಿದರೆ ಹಳದಿ ಹೋಗಿ ಹಸಿರು ಬರುತ್ತದೆ, ಸುಣ್ಣ ಕೂಡಿಸಿದರೆ ಕ್ರೋಮಿಯಂ ತಳಕ್ಕೆ ಕೂರುತ್ತದೆ. ಆ ಗಸಿಯನ್ನು ಅಪಾಯಕಾರಿ ತ್ಯಾಜ್ಯದ ಘಟಕಕ್ಕೆ ಸಾಗಿಸಬೇಕು. ಬಾಡಿಗೆ ಶೆಡ್ಡಿನ ಮಾಲೀಕನಿಗೆ ಇದಿಷ್ಟೂ ತಿಂಗಳ ಖರ್ಚಿನ ಬಾಬತ್ತು, ರಾಜಕಾಲುವೆ ಬಿಟ್ಟಿ.